ಕಡಲ ಕರೆಯಲ್ಲಿ ಸುಟ್ಟ ಬಂಗುಡೆ

ನೀವು ಮೀನು ತಿನ್ನುವವರಾದರೆ ನಿಮ್ಮನ್ನೊಂದು ಮಾತು ಕೇಳುತ್ತೇನೆ. ಕಡಲಿನಿಂದ ಮೇಲೆ ಬಂದು ಇನ್ನೂ ಒಂದು ಗಂಟೆಯೂ ಆಗದ ಮೀನನ್ನು ಎಂದಾದರೂ ತಿಂದಿದ್ದೀರಾ? ಮಂಜುಗಡ್ಡೆಯಲ್ಲಿ ಮಲಗಿ, ರಾತ್ರಿಯಿಡೀ ಲಾರಿಯಲ್ಲಿ ಕುಲುಕಿ, ನಮ್ಮೂರ ಸಂತೆಗೆ ಬಂದು ಕಣ್ಣು ಮಸುಕಾದ ಮೀನಿನ ಮಾತಲ್ಲ. ಬೆಳ್ಳಿಯ ಹಾಗೆ ಹೊಳೆಯುತ್ತಾ, ಹೊಯ್ಗೆಯ ಮೇಲೆ ಇನ್ನೂ ಪಟಪಟ ಬಾಲ ಬಡಿಯುವ ಮೀನಿನ ಮಾತು. ನೀವು ಮೀನು ತಿನ್ನದವರಾದರೆ ದಯವಿಟ್ಟು ಪುಟ ಮಗುಚಬೇಡಿ. ಈ ಲೇಖನದಲ್ಲಿ ಮೀನಿನ ಜೊತೆಗೆ ಒಬ್ಬ ತಾಯಿಯ ಸಂಗತಿಯೂ ಇದೆ. ಅದಕ್ಕೆ ಮಡಿ ಮೈಲಿಗೆ ಇಲ್ಲ.

ನನ್ನ ತವರು ಕುಂದಾಪುರದ ಕಡೆ, ತ್ರಾಸಿಗೂ ಗಂಗೊಳ್ಳಿಗೂ ನಡುವೆ ಕಡಲ ಕರೆಯ ಒಂದು ಹಳ್ಳಿ. ಮದುವೆಯಾಗಿ ಘಟ್ಟ ಹತ್ತಿದ ಮೇಲೆ ತವರಿಗೆ ಹೋಗುವುದೇನೋ ಇತ್ತು. ಆದರೆ ಮದುವೆ, ಮುಂಜಿ, ತಿಥಿ ಅಂತ ಒಂದು ದಿನಕ್ಕೆ ಹೋಗಿ ಮರುದಿನದ ಬಸ್ಸಿಗೇ ಹಿಂತಿರುಗುವ ನೆಂಟತನ ಅದು. ಕಳೆದ ದಸರಾ ರಜೆಯಲ್ಲಿ ಮಾತ್ರ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಹಟ ಹಿಡಿದಳು. “ಅಜ್ಜಿ ಮನೇಲಿ ನಾಲ್ಕು ದಿನ ಇರ್ಲೇಬೇಕು ಅಮ್ಮ” ಅಂದಳು. ನಮ್ಮವರೂ “ಹೋಗಿ ಬಾ, ಮನೆ ನಾನು ನೋಡ್ಕೋತೀನಿ” ಅಂದರು. ಅಬ್ಬಿಗೆ ಮಂಡಿನೋವು ಹೆಚ್ಚಾಗಿ ಆ ವರ್ಷವಷ್ಟೇ ಮೀನು ಮಾರುವುದನ್ನು ನಿಲ್ಲಿಸಿದ್ದಳು. ನಮ್ಮ ಕಡೆ ತಾಯಿಯನ್ನು ಅಬ್ಬಿ ಅನ್ನುತ್ತೇವೆ.

ನಾವು ಇಳಿದದ್ದು ಹುಲಿಕಲ್ ಘಾಟಿಯಲ್ಲಿ. ತೀರ್ಥಹಳ್ಳಿ, ಮಾಸ್ತಿಕಟ್ಟೆ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ. ಘಾಟಿಯಲ್ಲಿ ಚಂಡಿಕಾಂಬೆಯ ಗುಡಿ ಇದೆ. ಹೋಗಿ ಬರುವ ವಾಹನದವರು ಅಲ್ಲಿ ನಿಲ್ಲಿಸಿ, ಕೈಮುಗಿದು ಮುಂದೆ ಹೋಗುತ್ತಾರೆ. ಹೊಸಂಗಡಿ, ಸಿದ್ದಾಪುರ ಬರುವಷ್ಟರಲ್ಲಿ ಗಾಳಿಯೇ ಬೇರೆಯಾಗುತ್ತದೆ. ಸೆಕೆ, ತೆಂಗು, ಕೆಂಪು ಕಲ್ಲಿನ ಮನೆಗಳು. ಕುಂದಾಪುರ ದಾಟಿದರೆ ಒಂದರ ಹಿಂದೆ ಒಂದು ಸೇತುವೆ. ಖೇಟ, ಕುಬ್ಜಾ, ಚಕ್ರಾ, ವಾರಾಹಿ, ಸೌಪರ್ಣಿಕಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಕುಂದಾಪುರದಲ್ಲಿ ನಿಂತರೆ ಎದುರಿನ ದಡದಲ್ಲೇ ಗಂಗೊಳ್ಳಿ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಮಾತ್ರ ಹೆಮ್ಮಾಡಿ, ತ್ರಾಸಿ ಸುತ್ತಿಕೊಂಡು ಬರಬೇಕು.

ತ್ರಾಸಿ ದಾಟಿ ಸ್ವಲ್ಪ ಮುಂದೆ ಹೋದರೆ ಮರವಂತೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಕೊಲ್ಲೂರಿನ ಕಡೆಯಿಂದ ಇಳಿದು ಬರುವ ಈ ಹೊಳೆ ಕಡಲಿನ ಮಗ್ಗುಲಿಗೇ ಬಂದು, ಸೇರದೆ ಮುಖ ತಿರುಗಿಸಿ ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆಯೇ ವರಾಹಸ್ವಾಮಿಯ ದೇವಸ್ಥಾನ. ಕರ್ಕಾಟಕ ಅಮಾವಾಸ್ಯೆಯ ದಿನ ಅಲ್ಲಿ ದೊಡ್ಡ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಸಮುದ್ರಸ್ನಾನ ಮಾಡಿ ದೇವರಿಗೆ ಕೈಮುಗಿಯುತ್ತಾರೆ. ನಮ್ಮವರನ್ನು ನಾನು ಮದುವೆಯಾದ ವರ್ಷ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಡಲು ನೋಡಿದ್ದೇ ಅವರು ಎರಡು ಹೆಜ್ಜೆ ಹಿಂದೆ ಸರಿದಿದ್ದರು!

ಈಗ ಮೀನಿನ ವಿಷಯಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಬಹಳಷ್ಟು ಮೀನುಗಳು ಮೊಟ್ಟೆಯಿಡುತ್ತವೆ. ಬಸುರಿ ಬಾಣಂತಿಯರಿಗೆ ನಾವು ವಿಶ್ರಾಂತಿ ಕೊಡುವುದಿಲ್ಲವೇ, ಹಾಗೆಯೇ ಇದು. ಆಗ ಸಣ್ಣ ನಾಡದೋಣಿಯವರು ಮಾತ್ರ ಕಡಲಿನ ಮುಖ ನೋಡಿಕೊಂಡು ಹೋಗುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯಂದು ಮೊಗವೀರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ, ಹೂವು ಅರ್ಪಿಸಿ ಪೂಜೆ ಮಾಡುತ್ತಾರೆ. ಅಲ್ಲಿಂದ ಮುಂದೆ ಮಳೆ ಇಳಿದು, ಕಡಲು ಶಾಂತವಾಗುತ್ತಾ ಬಂದ ಹಾಗೆ ಬಂಗುಡೆಯ ಕಾಲ. ಬೈಗೆ, ಅಂಜಲ್, ಮಾಂಜಿ, ಕಾಣೆ, ನಂಗು, ಸಿಗಡಿ ಎಲ್ಲವೂ ಇವೆ. ಆದರೆ ಬಡವರ ಮನೆಯನ್ನೂ ಶ್ರೀಮಂತರ ಮನೆಯನ್ನೂ ಒಂದೇ ರೀತಿ ಘಮಘಮಿಸುವಂತೆ ಮಾಡುವುದು ಬಂಗುಡೆಯೇ.

ಮರುದಿನ ಬೆಳಿಗ್ಗೆ ತಮ್ಮ ಬಂದು, “ಕೈರಂಪಣಿ ಬಲೆ ಬಿಟ್ಟಿದ್ರ್, ಬಪ್ಪುದಾರೆ ಬನಿ” ಅಂದ. ಮಗಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ಅಬ್ಬಿಯೂ ಕೋಲು ಊರಿಕೊಂಡು ಹೊರಟಳು.

ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ಬಲೆ. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ಸಣ್ಣ ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಎಳೆಯುತ್ತಾರೆ. ಎರಡು ಸಾಲೂ ನಿಧಾನವಾಗಿ ಹತ್ತಿರವಾಗುತ್ತವೆ. ದಾರಿಯಲ್ಲಿ ಹೋಗುವವರು ಕೈ ಹಾಕಿದರೂ ಬೇಡ ಅನ್ನುವುದಿಲ್ಲ. ಎಳೆದವರಿಗೆ ನಾಲ್ಕು ಮೀನು ಕೊಟ್ಟೇ ಕಳಿಸುತ್ತಾರೆ.

“ಇದೆಂತ ಬಲೆ! ಹಿಂದೆ ದೊಡ್ಡ ರಂಪಣಿ ಇತ್ತ್” ಅಂದಳು ಅಬ್ಬಿ ಮೊಮ್ಮಗಳಿಗೆ. ಹೌದು, ಆ ರಂಪಣಿ ಒಂದು ಕಿಲೋಮೀಟರಿನಷ್ಟು ಉದ್ದದ ಬಲೆಯಂತೆ. ಹತ್ತಾರು ಮನೆಯವರು ತುಂಡು ತುಂಡಾಗಿ ಬಲೆ ಹೆಣೆದು, ಕೂಡಿಸಿ, ಪಾಲುದಾರರಾಗುತ್ತಿದ್ದರು. ಬಲೆ ತುಂಬಿತೆಂದರೆ ಊರಿಗೆ ಊರೇ ದಡದಲ್ಲಿ. 1970ರ ದಶಕದ ಕೊನೆಯ ಭಾಗದಲ್ಲಿ ಪರ್ಸೀನ್ ಬೋಟುಗಳು ಬಂದು ನಡುಗಡಲಲ್ಲೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯತೊಡಗಿದ ಮೇಲೆ, ದಡಕ್ಕೆ ಬರುವ ಮೀನೇ ಕಡಿಮೆಯಾಗಿ ರಂಪಣಿಗಳು ಮೂಲೆ ಸೇರಿದವು. ನಾನು ಹುಟ್ಟುವ ಹೊತ್ತಿಗೆ ಅದು ಕಥೆಯಾಗಿತ್ತು. ಈಗ ಬೋಟಿನವರಿಗೂ ಮೀನು ಸಾಲದು. ರಾತ್ರಿ ಕಣ್ಣು ಕುಕ್ಕುವ ಎಲ್‌ಇಡಿ ದೀಪ ಬಿಟ್ಟು ಮೀನು ಸೆಳೆಯುವ ಪದ್ಧತಿಯನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಬೇಕಾಯಿತು. ಮರಿಮೀನನ್ನೂ ಬಿಡದೆ ಬಾಚಿದರೆ ನಾಳೆಗೆ ಏನು ಉಳಿದೀತು, ನೀವೇ ಹೇಳಿ. ಅದಕ್ಕೇ ನನ್ನದೊಂದು ಕೋರಿಕೆ: ಅಗ್ಗವೆಂದು ಬೆರಳುದ್ದದ ಬಂಗುಡೆ ಮರಿಗಳನ್ನು ಕೊಳ್ಳಬೇಡಿ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ.

ಬಲೆ ದಡಕ್ಕೆ ಬಂತು. ಹೆಚ್ಚೇನೂ ಇರಲಿಲ್ಲ. ಒಂದಷ್ಟು ಬಂಗುಡೆ, ಬೈಗೆ, ನಾಲ್ಕಾರು ನಂಗು. ಬೆನ್ನಿನ ಮೇಲೆ ಹಸಿರು ನೀಲಿ ಗೀರು, ಹೊಟ್ಟೆ ಬೆಳ್ಳಿ. ನನ್ನ ಮಗಳು ಹಗ್ಗ ಎಳೆದ ಕೂಲಿಯೆಂದು ಎಂಟು ಬಂಗುಡೆಗಳನ್ನು ತನ್ನ ದುಪಟ್ಟಾದಲ್ಲೇ ಕಟ್ಟಿಸಿಕೊಂಡು ಬಂದಳು. ಹೊಸ ದುಪಟ್ಟಾ! ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ.

“ಮನಿಗ್ ಹೋಪುದ್ ಬೇಡ, ಇಲ್ಲೇ ಸುಡುವ” ಅಂದಳು ಅಬ್ಬಿ.

ತಮ್ಮನ ಹೆಂಡತಿ ಮನೆಯಿಂದ ಉಪ್ಪು, ಅರೆದ ಮಸಾಲೆ, ಬಾಳೆಎಲೆ, ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ತಂದಳು. ತೆಂಗಿನ ತೋಪಿನ ಅಂಚಿನಲ್ಲಿ, ಗಾಳಿ ಬಡಿಯದ ಕಡೆ, ಹೊಯ್ಗೆಯನ್ನು ಕೈಯಲ್ಲೇ ತೋಡಿ ಮೂರು ಕಲ್ಲು ಇಟ್ಟೆವು. ಒಣಗಿದ ಕೊತ್ತಳಿಗೆ, ತೆಂಗಿನ ಸಿಪ್ಪೆ ಹಾಕಿ ಹೊತ್ತಿಸಿ, ಮೇಲೆ ಗರಟೆ ಸುರಿದೆವು. ಗರಟೆಯ ಕೆಂಡಕ್ಕೆ ಸಮನಾದ ಕೆಂಡವಿಲ್ಲ. ಹೊಗೆ ಕಡಿಮೆ, ಕಾವು ಹೆಚ್ಚು, ಬೇಗ ಆರುವುದೂ ಇಲ್ಲ.

ಅಬ್ಬಿ ಸುಡುವ ಕ್ರಮ ಎರಡು ಬಗೆ. ಎರಡನ್ನೂ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊದಲನೆಯದು ಬರೀ ಉಪ್ಪಿನದು. ಇದು ಅತಿ ತಾಜಾ ಮೀನಿಗೆ ಮಾತ್ರ. ಹೊಟ್ಟೆ ಸೀಳಿ, ಕಿವಿರು ತೆಗೆದು, ತೊಳೆದು, ಎರಡೂ ಬದಿಗೆ ಮೂರು ಮೂರು ಓರೆ ಗೀರು ಹಾಕಿ. ಉಪ್ಪು, ಚಿಟಿಕೆ ಅರಿಸಿನ ಸವರಿ ಹತ್ತು ನಿಮಿಷ ಬಿಡಿ. ಉರಿ ಪೂರ್ತಿ ಅಡಗಿ ಕೆಂಡದ ಮೇಲೆ ತೆಳುವಾಗಿ ಬೂದಿ ಕಟ್ಟಿದ ಮೇಲೆ ಕಂಬಿಯ ಜಾಲರಿಯ ಮೇಲಿಟ್ಟು ಸುಡಿ. ಪದೇ ಪದೇ ಮಗುಚಿದರೆ ಮೀನು ಮುರಿಯುತ್ತದೆ. ಒಂದು ಬದಿ ತಾನಾಗಿ ಜಾಲರಿ ಬಿಟ್ಟಾಗ ಒಂದೇ ಸಲ ಮಗುಚಬೇಕು. ಕೊಬ್ಬು ಕೆಂಡಕ್ಕೆ ಬಿದ್ದು ಚುಂಯ್ ಅನ್ನುತ್ತದಲ್ಲ, ಆ ಹೊಗೆಯೇ ಇದರ ಮಸಾಲೆ.

ಎರಡನೆಯದು ಬಾಳೆಎಲೆಯದು. ನಾಲ್ಕು ಬಂಗುಡೆಗೆ ಎಂಟು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಕಾಳುಮೆಣಸು, ಆರೇಳು ಎಸಳು ಬೆಳ್ಳುಳ್ಳಿ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಸ್ವಲ್ಪ ಅರಿಸಿನ, ರುಚಿಗೆ ಉಪ್ಪು. ನೀರು ಆದಷ್ಟೂ ಕಡಿಮೆ ಹಾಕಿ ಗಟ್ಟಿಯಾಗಿ, ನುಣ್ಣಗೆ ಅರೆಯಿರಿ. ಗೀರುಗಳ ಒಳಗೂ ಹೊಟ್ಟೆಯ ಒಳಗೂ ತುಂಬಿ, ಮೇಲೆ ಒಂದು ಚಮಚ ತೆಂಗಿನೆಣ್ಣೆ ಸವರಿ ಅರ್ಧ ಗಂಟೆ ಇಡಿ. ಬಾಳೆಎಲೆಯನ್ನು ಉರಿಗೆ ಹಿಡಿದು ಬಾಡಿಸಿದರೆ ಮಡಚುವಾಗ ಹರಿಯುವುದಿಲ್ಲ. ಒಂದೊಂದು ಮೀನನ್ನೂ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ ಕೆಂಡದ ಮೇಲಿಡಿ. ಬದಿಗೆ ಏಳೆಂಟು ನಿಮಿಷ. ಎಲೆ ಕರಿಕಲಾದರೆ ಹೆದರಬೇಡಿ, ಒಳಗಿನ ಮೀನು ತನ್ನ ರಸದಲ್ಲೇ ಬೆಂದಿರುತ್ತದೆ. ಮುಳ್ಳಿನಿಂದ ಮಾಂಸ ಸುಲಭವಾಗಿ ಬಿಟ್ಟುಕೊಂಡರೆ ಬೆಂದಿತೆಂದು ತಿಳಿಯಿರಿ.

ಕೊಳ್ಳುವಾಗ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಂಡಿ ಉಳಿಯಬಾರದು. ಬಂಗುಡೆಯನ್ನು ಬಿಸಿಲಲ್ಲಿ, ಸೆಕೆಯಲ್ಲಿ ಇಟ್ಟರೆ ಅದರಲ್ಲಿ ಮೈತುರಿಕೆ, ಮುಖ ಕೆಂಪೇರುವುದು, ತಲೆನೋವು ತರುವ ಅಂಶ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ತಂದ ಕೂಡಲೇ ಶುಚಿ ಮಾಡಿ ತಣ್ಣಗೆ ಇಡಿ, ಇಲ್ಲವೇ ಅಡುಗೆ ಮಾಡಿಬಿಡಿ.

ಸರಿ, ಮೀನು ಬೆಂತು. ಹೊಯ್ಗೆಯ ಮೇಲೆ ಕೂತು, ಎಲೆ ಬಿಚ್ಚಿ, ಬಿಸಿ ಬಿಸಿ ಮುರಿದು ಗಂಜಿಯ ಜೊತೆ ತಿಂದೆವು. ಆ ರುಚಿಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಮಗಳು ಮೂರನೆಯ ಮೀನಿಗೆ ಕೈ ಹಾಕುತ್ತಾ ತನ್ನ ಬೆರಳು ಮೂಸಿ ನೋಡಿಕೊಂಡು ಕೇಳಿದಳು: “ಅಜ್ಜಿ, ಈ ವಾಸನೆ ಕೈಯಿಂದ ಹೋಗುತ್ತಾ? ನಾಳಿದ್ದು ಟ್ಯೂಷನ್‌ಗೆ ಹೋದ್ರೆ ಎಲ್ರೂ ನಗ್ತಾರೆ.”

“ಹುಳಿ ತಿಕ್ಕಿ ತೊಳ್ದ್ರೆ ಹೋತ್ತ್ ಮಗಾ” ಅಂದಳು ಅಬ್ಬಿ. ಮತ್ತೆ ನಗುತ್ತಾ ಹೇಳಿದಳು: “ನಿನ್ನ ಅಮ್ಮನಿಗೂ ಹಾಂಗೇ ನಾಚ್ಕಿ ಇತ್ತ್. ಅದ್ಕೇ ನಾ ಶಾಲಿ ಎದ್ರಿನ ಮಾರ್ಗ ಬಿಟ್ಟ್, ಗದ್ದಿ ಬದಿಯಗೆ ಸಂಕ ದಾಟಿ ಹೋತಿದ್ದೆ.”

ಸೋದರಿಯರೇ, ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಏನಾಗಿತ್ತೆಂದರೆ, ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಬ್ಬಿ ಬುಟ್ಟಿ ಹೊತ್ತಳು. ನಸುಕಿನಲ್ಲೇ ಗಂಗೊಳ್ಳಿ ಬಂದರಿಗೆ ಹೋಗಿ, ಮೀನು ಹರಾಜಿನಲ್ಲಿ ಹಿಡಿದು, ತಲೆಯ ಮೇಲೆ ಹೊತ್ತು ಮನೆ ಮನೆಗೆ ಮಾರುತ್ತಿದ್ದಳು. ಮೀನಿನ ನೀರು ಸೀರೆಯ ಮೇಲೆ ಇಳಿಯುತ್ತಿತ್ತು. ಬಸ್ಸಿನಲ್ಲಿ ಬುಟ್ಟಿ ಹತ್ತಿಸಲು ಬಿಡದ ದಿನಗಳಲ್ಲಿ ನಡೆದೇ ಬರುತ್ತಿದ್ದಳು. ನಾನು ಹೈಸ್ಕೂಲು ಸೇರಿದ ವರ್ಷ ಒಂದು ಮಧ್ಯಾಹ್ನ ಗೆಳತಿಯರ ಜೊತೆ ಶಾಲೆಯ ಗೇಟಿನಲ್ಲಿ ನಿಂತಿದ್ದೆ. ಎದುರಿನ ರಸ್ತೆಯಲ್ಲಿ ಅಬ್ಬಿ ಬಂದಳು. ನನ್ನನ್ನು ನೋಡಿ ಮುಖ ಅರಳಿಸಿ ಹೆಸರು ಹಿಡಿದು ಕೂಗಿದಳು. ಗೆಳತಿಯೊಬ್ಬಳು ಮೂಗು ಮುಚ್ಚಿಕೊಂಡು “ಯಾರೇ ಅದು?” ಅಂದಳು. ನಾನು “ಗೊತ್ತಿಲ್ಲ” ಅಂದೆ. ಅಂದು, ಬೆನ್ನು ತಿರುಗಿಸಿ ಒಳಗೆ ಹೋದೆ.

ಮನೆಯಲ್ಲಿ ಆ ರಾತ್ರಿ ಅಬ್ಬಿ ಏನೂ ಕೇಳಲಿಲ್ಲ. ಕೂಗಿದ್ದು ನನಗೆ ಕೇಳಿಸಲಿಲ್ಲ ಅಂದುಕೊಂಡಿರಬೇಕು ಎಂದು ನಾನು ನೆಮ್ಮದಿಪಟ್ಟೆ. ಆ ದಿನದ ನಂತರ, 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ, ಅವಳು ಶಾಲೆಯ ಎದುರಿಗೆ ಒಮ್ಮೆಯೂ ಬರಲಿಲ್ಲ. ಅದನ್ನು ನನ್ನ ಅದೃಷ್ಟ ಅಂದುಕೊಂಡಿದ್ದೆ. ಅದೃಷ್ಟವಲ್ಲ! ಅವಳು ಗದ್ದೆಯ ಅಂಚಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಆ ಸಂಕ ನಿಮಗೆ ಗೊತ್ತಿಲ್ಲ. ತೋಡಿನ ಮೇಲೆ ಹಾಕಿದ ಎರಡು ಅಡಿಕೆ ಮರ, ಅಷ್ಟೇ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತಿತ್ತು, ಕೆಳಗೆ ಕೆಂಪು ನೀರು ಭೋರಿಡುತ್ತಿತ್ತು. ಬರಿಗೈಯಲ್ಲಿ ದಾಟಲು ನಾವು ಮಕ್ಕಳು ಹೆದರುತ್ತಿದ್ದೆವು. ಅವಳು ತಲೆಯ ಮೇಲೆ ತುಂಬಿದ ಬುಟ್ಟಿ ಇಟ್ಟುಕೊಂಡು ಮೂರು ವರ್ಷ ದಾಟಿದಳು. ಆ ಮಂಡಿನೋವಿನ ಕಾಲುಗಳನ್ನು ನೋಡಿದೆ. ಕಣ್ಣು ತುಂಬಿ ಬಂತು.

“ಅಬ್ಬೀ, ಆ ದಿವ್ಸ ನಾನು...” ಎಂದು ಶುರುಮಾಡಿದೆ.

“ಮೀನ್ ತಣ್ದ್ ಹೋತ್ತ್, ತಿನ್ ಕಾಂಬ” ಅಂದಳು. ತನ್ನ ಎಲೆಯಲ್ಲಿದ್ದ ಮೀನಿನ ಬೆನ್ನಿನ ಭಾಗ ಮುರಿದು ನನ್ನ ಎಲೆಗೆ ಹಾಕಿದಳು. ಅಷ್ಟೇ. ಅದಕ್ಕಿಂತ ಹೆಚ್ಚು ಮಾತು ಆ ವಿಷಯದಲ್ಲಿ ಆಗಲಿಲ್ಲ, ಆಮೇಲೂ ಆಗಿಲ್ಲ. ಮಗಳು ಮಾತ್ರ ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಕೈ ತೊಳೆಯಲು ಹುಳಿ ಕೇಳಲಿಲ್ಲ.

ನಾಲ್ಕು ದಿನ ಕಳೆದು ಘಟ್ಟ ಹತ್ತಿದೆವು. ಇಲ್ಲಿ ನಮ್ಮ ಮನೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಮೊದಲು ಬಾಡಿಗೆ ಮನೆಯಲ್ಲಿದ್ದಾಗ “ಮೀನು ಮಾಡುವ ಹಾಗಿಲ್ಲ” ಎಂಬ ಷರತ್ತಿತ್ತು. ಸ್ವಂತ ಮನೆಯಾದ ಮೇಲೆ ಷರತ್ತು ಹಾಕುವವರು ಯಾರೂ ಇರಲಿಲ್ಲ. ಆದರೂ ವರ್ಷಕ್ಕೆ ನಾಲ್ಕು ಸಲ ಮೀನು ಮಾಡಿದರೆ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿಟ್ಟು ಕದ್ದು ಮಾಡಿದ ಹಾಗೆ ಮಾಡುತ್ತಿದ್ದೆ. ತವರು ಎಲ್ಲಿ ಅಂದರೆ ಕುಂದಾಪುರ ಅನ್ನುತ್ತಿದ್ದೆ. ನಿಮ್ಮ ತಾಯಿ ಏನು ಮಾಡ್ತಾರೆ ಅಂದರೆ “ಮನೇಲೇ ಇರ್ತಾರೆ” ಅನ್ನುತ್ತಿದ್ದೆ.

ಬಂದ ಮರುವಾರ ಸಂತೆಯಲ್ಲಿ ನೋಡಿ ನೋಡಿ ಒಳ್ಳೆಯ ಬಂಗುಡೆ ತಂದೆ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಗ್ಗಿಷ್ಟಿಕೆ ಇಟ್ಟು, ಗರಟೆ ಕೆಂಡ ಮಾಡಿ, ಎಲೆಯಲ್ಲಿ ಕಟ್ಟಿ ಸುಟ್ಟೆ. ಗೋಡೆಯಾಚೆ ಪಕ್ಕದ ಮನೆಯ ಅಕ್ಕ ಬಟ್ಟೆ ಹರವುತ್ತಿದ್ದರು. ಅವರು ಈರುಳ್ಳಿಯನ್ನೂ ವಾರಕ್ಕೆ ಎರಡು ದಿನ ಬಿಡುವವರು. “ಏನ್ರೀ ಅದು ವಾಸನೆ?” ಅಂದರು. ಎದೆ ಡವಗುಟ್ಟಿತು. ಹಳೆಯ “ಗೊತ್ತಿಲ್ಲ” ನಾಲಿಗೆಯ ತುದಿಗೇ ಬಂದಿತ್ತು.

“ಬಂಗುಡೆ ಮೀನು ಅಕ್ಕ, ಸುಡ್ತಾ ಇದೀನಿ. ನಮ್ಮಮ್ಮ ಕಲಿಸಿದ್ದು. ನಮ್ಮಮ್ಮ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನ ಓದಿಸಿದ್ರು” ಅಂದೆ.

ಅವರು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಹರವಿದ ಸೀರೆಯನ್ನೊಮ್ಮೆ ಕೊಡವಿ ಒಳಗೆ ಹೋದರು. ಮುಗಿಯಿತು, ಇನ್ನು ಇವರು ಮಾತಾಡುವುದಿಲ್ಲ ಅಂದುಕೊಂಡೆ. ಮರುದಿನ ಬೆಳಿಗ್ಗೆ ಎಂದಿನಂತೆ ಕರಿಬೇವು ಕೇಳಲು ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, “ನಿಮ್ಮ ತಾಯಿಗೆ ಮಂಡಿನೋವು ಅಂದಿದ್ರಲ್ಲ, ನಮ್ಮ ಮನೇಲಿ ಒಂದು ಎಣ್ಣೆ ಇದೆ, ಮುಂದಿನ ಸಲ ಹೋಗುವಾಗ ತಗೊಂಡು ಹೋಗಿ” ಅಂದರು.

ನೀವೂ ಒಮ್ಮೆ ಆ ಕಡೆ ಹೋಗಿ ಬನ್ನಿ. ಮಳೆ ನಿಂತು ಕಡಲು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮರವಂತೆಯ ಕಡಲು ರುದ್ರಭಯಂಕರ, ದೂರದಿಂದಲೇ ನೋಡಿ. ಬೇರೆ ದಿನಗಳಲ್ಲೂ ಮಕ್ಕಳ ಕೈ ಬಿಡಬೇಡಿ. ದಡದಲ್ಲಿ ಕೆಂಡ ಮಾಡುವುದಾದರೆ ಊರವರನ್ನು ಕೇಳಿಯೇ ಮಾಡಿ, ತೋಪಿನ ಒಣ ಸೋಗೆಗೆ ಕಿಡಿ ಹಾರದ ಹಾಗೆ ನೋಡಿಕೊಳ್ಳಿ. ಎದ್ದು ಬರುವಾಗ ನೀರು ಹಾಕಿ ಆರಿಸಿ. ಬರೀ ಹೊಯ್ಗೆ ಮುಚ್ಚಿ ಬಂದರೆ ಒಳಗೆ ಕೆಂಡ ಜೀವ ಹಿಡಿದಿರುತ್ತದೆ, ಬರಿಗಾಲಲ್ಲಿ ಬರುವ ಮಗುವಿನ ಕಾಲು ಸುಡುತ್ತದೆ. ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ಮತ್ತೆ, ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಮೀನು ಕೊಳ್ಳುವಾಗ ಹತ್ತು ರೂಪಾಯಿಗೆ ಅತಿಯಾಗಿ ಚೌಕಾಸಿ ಮಾಡಬೇಡಿ. ಆ ಬುಟ್ಟಿಯಲ್ಲಿ ಯಾವ ಮಗಳ ಶಾಲೆಯ ಫೀಸು ಇದೆಯೋ, ಯಾರಿಗೆ ಗೊತ್ತು!